ಅಸಮಾನತೆಯನ್ನು ಆಟ ಆಡಿಸಿ ಕಲಿಸಬಹುದಾ?

ಪ್ರಶ್ನೆ: ತರಗತಿಯಲ್ಲಿ ಬಡತನದ ಬಗ್ಗೆ ಒಂದು ಆಟ ಆಡಿಸಿದೆ. ಮುಗಿದ ಮೇಲೆ ಮಕ್ಕಳು "ಲೆಕ್ಕ ಹಾಕಿ ಖರ್ಚು ಮಾಡಿದ್ರೆ ಯಾರೂ ಬಡವರಾಗಲ್ಲ" ಅಂದರು. ಇಂಥ ವಿಷಯಕ್ಕೆ ಆಟ ಬಳಸೋದೇ ತಪ್ಪಾ?

ಉತ್ತರ: ತಪ್ಪಲ್ಲ. ಆದರೆ ಆಟದಲ್ಲಿ ತೀರ್ಮಾನ ಯಾರ ಕೈಯಲ್ಲಿದೆ ಅಂತ ಮೊದಲು ನೋಡಿ.

ಅಮೆರಿಕದಲ್ಲಿ 2011ರಲ್ಲಿ 'ಸ್ಪೆಂಟ್' ಎಂಬ ಆನ್‌ಲೈನ್ ಆಟ ಬಂತು. ಕೆಲಸ ಹೋಗಿದೆ, ಉಳಿದಿರುವುದು 1,000 ಡಾಲರ್, ಅದರಲ್ಲೇ ತಿಂಗಳು ದೂಡಬೇಕು. ಆಡುವವರಲ್ಲಿ ಕನಿಕರ ಹುಟ್ಟಿಸುವುದೇ ಅದರ ಉದ್ದೇಶ. ಆದರೆ ಜಿನಾ ರೂಸೋಸ್ ಮತ್ತು ಜಾನ್ ಡೊವಿಡಿಯೊ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಗಾಗಲಿಲ್ಲ. ಆಟ ಆಡಿದವರಿಗೆ ಬಡತನ ಅವರವರ ಕೈಯಲ್ಲೇ ಇದೆ ಅನ್ನಿಸುವುದು ಹೆಚ್ಚಾಯಿತು. ಪ್ರತಿ ಹೆಜ್ಜೆಗೂ ಆಯ್ಕೆ ಆಟಗಾರನದ್ದೇ ಆದರೆ, ಸೋಲಿನ ಹೊಣೆಯೂ ಅವನದ್ದೇ ಅನ್ನಿಸುತ್ತದೆ ಅಲ್ವಾ? ನಿಮ್ಮ ಮಕ್ಕಳಿಗೂ ಅದೇ ಆಗಿರಬೇಕು.

ಹಾಗಾಗಿ ನಿಯಮವೇ ಒಂದು ಕಡೆಗೆ ವಾಲಿರುವ ಆಟ ನನಗೆ ಹೆಚ್ಚು ಇಷ್ಟ. ಗ್ಯಾರಿ ಶರ್ಟ್ಸ್ 1969ರಲ್ಲಿ ರೂಪಿಸಿದ 'ಸ್ಟಾರ್‌ಪವರ್' ಅಂಥದ್ದು. ಬಿಲ್ಲೆಗಳನ್ನು ಅದಲುಬದಲು ಮಾಡಿ ಅಂಕ ಗಳಿಸಬೇಕು. ಒಂದು ಗುಂಪಿಗೆ ಬೆಲೆಬಾಳುವ ಬಿಲ್ಲೆಗಳು ಜಾಸ್ತಿ ಸಿಗುತ್ತಿರುತ್ತವೆ, ಅದು ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ನಿಯಮ ಮಾಡುವ ಅಧಿಕಾರವೂ ಆ ಗುಂಪಿಗೇ ಹೋಗುತ್ತದೆ. ಅವರು ಸಾಮಾನ್ಯವಾಗಿ ತಮ್ಮ ಜಾಗ ಗಟ್ಟಿ ಮಾಡಿಕೊಳ್ಳುವ ನಿಯಮಗಳನ್ನೇ ತರುತ್ತಾರೆ. ಉಳಿದವರು ಸಿಟ್ಟಾಗುತ್ತಾರೆ, ಇಲ್ಲವೇ ಸುಮ್ನೆ ಕೈಚೆಲ್ಲುತ್ತಾರೆ. ಪಾಠ ಇರುವುದು ಅಲ್ಲೇ.

ಗೆದ್ದವರ ಮಾತನ್ನೂ ಗಮನವಿಟ್ಟು ಕೇಳಿ. ಪಾಲ್ ಪಿಫ್ ಎಂಬ ಮನಶ್ಶಾಸ್ತ್ರಜ್ಞ ದಾಳ ಹಾಕಿ ಜಾಗಗಳನ್ನು ಕೊಂಡು ಬಾಡಿಗೆ ಗಳಿಸುವ ಮೊನಾಪಲಿ ಆಟವನ್ನು ಬೇಕೆಂದೇ ಏರುಪೇರು ಮಾಡಿ ಆಡಿಸಿದರು. ನಾಣ್ಯ ಚಿಮ್ಮಿ ಆರಿಸಿದ ಒಬ್ಬರಿಗೆ ಎರಡು ಪಟ್ಟು ಹಣ, ಎರಡು ದಾಳ. ಇನ್ನೊಬ್ಬರಿಗೆ ಒಂದೇ ದಾಳ. ಹೇಗೆ ಗೆದ್ದಿರಿ ಅಂತ ಕೇಳಿದಾಗ ಗೆದ್ದವರು ತಾವು ಯಾವ ಜಾಗ ಕೊಂಡೆವು, ಹೇಗೆ ಆಡಿದೆವು ಎಂದೇ ಹೇಳಿದರು. ನಾಣ್ಯದ ಮಾತು ಬರಲಿಲ್ಲ.

ನೀವೂ ಇದೇ ಪ್ರಶ್ನೆ ಕೇಳಿ. ಉತ್ತರಗಳನ್ನು ಬೋರ್ಡ್ ಮೇಲೆ ಬರೆಯಿರಿ. ಆಮೇಲಷ್ಟೇ ಆಟದ ಗುಟ್ಟು ಬಿಚ್ಚಿಡಿ. ಆಟಕ್ಕೆ ಎಷ್ಟು ಸಮಯವೋ ಮಾತುಕತೆಗೂ ಕನಿಷ್ಠ ಅಷ್ಟೇ ಇಡಿ. ಗುಂಪುಗಳನ್ನು ಚೀಟಿ ಎತ್ತಿಯೇ ಮಾಡಿ. ನಿಜವಾಗಲೂ ಕಷ್ಟದಲ್ಲಿರುವ ಮಗು ತರಗತಿಯಲ್ಲಿದ್ದರೆ, "ನಿನ್ನ ಅನುಭವ ಹೇಳು" ಅಂತ ಎಲ್ಲರ ಮುಂದೆ ದಯವಿಟ್ಟು ಕೇಳಬೇಡಿ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ.