ಎರಡು ದಿನದ ನಡಿಗೆ, ಹತ್ತಕ್ಕೆ ಎಂಟು

ಹೊರಗಿನವರಿಗೆ ಬಳ್ಳಾರಿ ಎಂದರೆ ಅದಿರು, ಬಿಸಿಲು, ಜೀನ್ಸ್. ಮನೋವೈದ್ಯರಿಗೆ ಮಾತ್ರ ಈ ಊರು ಬೇರೆ ಕಾರಣಕ್ಕೆ ಗೊತ್ತು. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ಈ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ ತರಬೇತಿ ಆರಂಭಿಸಿತು. ಆ 'ಬಳ್ಳಾರಿ ಮಾದರಿ'ಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಅಂದು ದೊಡ್ಡಾಸ್ಪತ್ರೆಯಿಂದ ಹಳ್ಳಿಯ ಕೇಂದ್ರದವರೆಗೆ ಬಂದ ವಿದ್ಯೆಯನ್ನು ಇನ್ನೊಂದು ಮೆಟ್ಟಿಲು ಇಳಿಸಿ, ರೋಗಿ ಎನಿಸಿಕೊಳ್ಳದಿದ್ದರೂ ನಿದ್ದೆಗೆಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ ದಿನ ದೂಡುತ್ತಿರುವವರ ಕೈಗೆ ಕೊಡುವ ಪ್ರಯತ್ನಕ್ಕೆ ಸ್ವನಿರ್ವಹಣೆ ಎಂದು ಹೆಸರು. ಹೆಸರು ನನಗೆ ಅಷ್ಟು ಹಿಡಿಸದು. 'ನಿನ್ನ ಪಾಡು ನೀನೇ ನೋಡಿಕೋ' ಎಂದು ಕೈತೊಳೆದುಕೊಂಡಂತೆ ಕೇಳಿಸುತ್ತದೆ. ವಾಸ್ತವದಲ್ಲಿ ಇದು ಹೆಚ್ಚಾಗಿ ನಾಲ್ಕು ಜನರ ನಡುವೆ ಕುಳಿತು ಕಲಿಯುವ ಕೌಶಲ.

ವಿಶ್ವ ಆರೋಗ್ಯ ಸಂಸ್ಥೆಯ 'ಸೆಲ್ಫ್ ಹೆಲ್ಪ್ ಪ್ಲಸ್' ಇದಕ್ಕೊಂದು ಉದಾಹರಣೆ. ಸುಮಾರು ಮೂವತ್ತು ಜನರ ಗುಂಪು ಐದು ವಾರ, ವಾರಕ್ಕೊಮ್ಮೆ ಸೇರಿ ಧ್ವನಿಮುದ್ರಿತ ಪಾಠ ಕೇಳಿ ಅಭ್ಯಾಸ ಮಾಡುತ್ತದೆ. ನಡೆಸುವವರು ಮನೋವೈದ್ಯರೇ ಆಗಬೇಕಿಲ್ಲ. ಉಗಾಂಡದಲ್ಲಿ ದಕ್ಷಿಣ ಸುಡಾನಿನ ನಿರಾಶ್ರಿತ ಮಹಿಳೆಯರ ನಡುವೆ ಇದನ್ನು ಪರೀಕ್ಷಿಸಿದಾಗ ಮನಸ್ಸಿನ ಸಂಕಟ ಇಳಿದದ್ದು ಕಂಡುಬಂತು. ಮೂರು ತಿಂಗಳ ಬಳಿಕ ಅಳೆದಾಗ ಆ ಪರಿಣಾಮ ತಗ್ಗಿತ್ತು, ಆದರೆ ಅಳಿದಿರಲಿಲ್ಲ.

ಇಂಥ ಹಲವು ಕಾರ್ಯಕ್ರಮಗಳ ತಿರುಳು ವಾರದ ಯೋಜನೆ. ಜೀನ್ಸ್ ಹೊಲಿಯುವ ಮಹಿಳೆಯೊಬ್ಬರು ಗುಂಪಿನಲ್ಲಿ 'ಇನ್ನ ದಿನಾ ವಾಕಿಂಗ್ ಹೋಗ್ತೀನ್ರೀ' ಎಂದರೆಂದು ಇಟ್ಟುಕೊಳ್ಳೋಣ. ನಡೆಸುವಾಕೆ ಅಷ್ಟಕ್ಕೆ ಬಿಡುವುದಿಲ್ಲ: 'ಯಾವ ದಿನ, ಎಷ್ಟೊತ್ತಿಗೆ, ಎಲ್ಲಿತನಕ ಅಕ್ಕಾ? ಮಾಡೇ ಮಾಡ್ತೀನಿ ಅನ್ನೋ ಧೈರ್ಯ ಹತ್ತಕ್ಕ ಎಷ್ಟು?' ಉತ್ತರ ಐದು. ಏಳಕ್ಕಿಂತ ಕಡಿಮೆಯಾದರೆ ಸಂಕಲ್ಪವನ್ನೇ ಚಿಕ್ಕದು ಮಾಡಬೇಕೆಂಬುದು ಇಲ್ಲಿನ ರೂಢಿ. ಮಂಗಳವಾರ, ಶುಕ್ರವಾರ ಮಾತ್ರ, ಸಂಜೆ ದುರ್ಗಮ್ಮನ ಗುಡಿಯತನಕ ಎಂದಾಗ ಉತ್ತರ ಎಂಟಾಗುತ್ತದೆ. 'ನನ್ನಿಂದ ಆಗುತ್ತದೆ' ಎಂಬ ನಂಬಿಕೆ ಉಪದೇಶದಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಮಾಡಿ ಮುಗಿಸಿದ ಕೆಲಸದಿಂದ ಹುಟ್ಟುತ್ತದೆಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲೇ ವಾದಿಸಿದ್ದರು. ಖಿನ್ನತೆ ಕವಿದಾಗ 'ಮನಸ್ಸು ಬಂದ ಮೇಲೆ ಮಾಡೋಣ' ಎಂದು ಕುಳಿತರೆ ಮನಸ್ಸು ಬರುವುದೇ ಇಲ್ಲ. ಕೈಕಾಲು ಮೊದಲು ಆಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ.

ಸಾಯುವ ಯೋಚನೆ ಕಾಡುತ್ತಿದ್ದರೆ, ಇಲ್ಲದ ದನಿಗಳು ಕೇಳಿಸುತ್ತಿದ್ದರೆ ಇದಿಷ್ಟೇ ಸಾಲದು, ವೈದ್ಯರೇ ಬೇಕು. ಉಚಿತ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ತೆರೆದಿರುತ್ತದೆ.

ಮುಂದಿನ ವಾರ ಆ ಜೀನ್ಸ್ ಹೊಲಿಯುವಾಕೆ ಒಂದೇ ದಿನ ನಡೆಯಲು ಹೋಗಿದ್ದರೂ ಗುಂಪಿನಲ್ಲಿ ಯಾರೂ ಬೈಯುವುದಿಲ್ಲ. ಅಡ್ಡ ಬಂದದ್ದೇನೆಂದು ಕೇಳುತ್ತಾರೆ. ಶುಕ್ರವಾರ ಪೀಸುಗಳು ಹೆಚ್ಚು ಬಂದು ಕತ್ತಲಾಯಿತಂತೆ. ಹಾಗಾದರೆ ಬಿಸಿಲೇರುವ ಮುಂಚೆ, ಬೆಳಗ್ಗೆ ಆರಕ್ಕೆ.