ಮುಂಗಾರಿನಲ್ಲಿ ರಾಣಿಗೆ ಬಿಡುವು: ಜೇನುಪೆಟ್ಟಿಗೆಯ ನುಸಿ ಮತ್ತು ನಮ್ಮ ಹವಾಮಾನ

ಬ್ಯಾಡಗಿ, ಕುಂದಗೋಳ ಕಡೆಯ ಮೆಣಸಿನಕಾಯಿ ಬೆಳೆಗಾರರಿಗೆ ನುಸಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗಿಡದ ಎಲೆ ಮುದುಡಿ ಮುಟುರು ರೋಗ ಕಾಣಿಸಿಕೊಂಡರೆ ಅದಕ್ಕೆ ಥ್ರಿಪ್ಸ್ ಇಲ್ಲವೇ ನುಸಿ ಕಾರಣವೆಂದು ಅವರು ನೋಡಿದ ಕೂಡಲೇ ಹೇಳುತ್ತಾರೆ. ಆದರೆ ಅದೇ ಹೊಲದ ಬದುವಿನ ಮೇಲಿಟ್ಟ ಜೇನುಪೆಟ್ಟಿಗೆಯೊಳಗೂ ಬೇರೊಂದು ಜಾತಿಯ ನುಸಿ ಬೆಳೆಯುತ್ತಿರಬಹುದು ಎಂಬುದು, ಪೆಟ್ಟಿಗೆಯ ಬಾಗಿಲ ಮುಂದೆ ರೆಕ್ಕೆ ಮುರುಟಿದ ಜೇನುನೊಣಗಳು ತೆವಳುವುದನ್ನು ಕಾಣುವವರೆಗೂ ಎಷ್ಟೋ ಸಾಕಣೆದಾರರ ಗಮನಕ್ಕೆ ಬರುವುದಿಲ್ಲ. ಅಷ್ಟರಲ್ಲಿ ಆ ಜೇನುಕುಟುಂಬದ ಶಕ್ತಿ ಬಹುಪಾಲು ಉಡುಗಿರುತ್ತದೆ.

ಈ ನುಸಿಯ ಹೆಸರು ವರೋವಾ ಡಿಸ್ಟ್ರಕ್ಟರ್. ಬಲಿತ ಹೆಣ್ಣು ನುಸಿ ಸುಮಾರು 1.1 ಮಿಲಿಮೀಟರ್ ಉದ್ದ, 1.6 ಮಿಲಿಮೀಟರ್ ಅಗಲವಿದ್ದು, ಸಣ್ಣ ಸಾಸಿವೆ ಕಾಳನ್ನು ಒತ್ತಿ ಚಪ್ಪಟೆ ಮಾಡಿದಂತೆ ಕೆಂಗಂದು ಬಣ್ಣದಲ್ಲಿರುತ್ತದೆ. ನೊಣದ ಹೊಟ್ಟೆಯ ಅಡಿಭಾಗದ ಪದರಗಳ ನಡುವೆ ಸೇರಿಕೊಂಡು, ಅದರ ಕೊಬ್ಬಿನ ಅಂಗಾಂಶವನ್ನು ತಿನ್ನುತ್ತದೆ. ನುಸಿ ಕೇವಲ ನೊಣದ ರಕ್ತ ಹೀರುತ್ತದೆ ಎಂಬ ಬಹುಕಾಲದ ನಂಬಿಕೆಯನ್ನು 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿದ್ದಿತು. ಈ ತಿದ್ದುಪಡಿ ಸಣ್ಣದಲ್ಲ. ನೊಣದ ರೋಗನಿರೋಧಕ ಶಕ್ತಿ, ಆಹಾರ ಸಂಗ್ರಹ, ಒಳಹೊಕ್ಕ ಕೀಟನಾಶಕವನ್ನು ಅರಗಿಸಿ ನಿರ್ವಿಷಗೊಳಿಸುವ ಸಾಮರ್ಥ್ಯ, ಇವೆಲ್ಲಕ್ಕೂ ಆ ಕೊಬ್ಬಿನ ಅಂಗಾಂಶವೇ ಆಧಾರ. ಆದ್ದರಿಂದ ನುಸಿ ಕಚ್ಚಿದ ನೊಣ ಪಕ್ಕದ ಹೊಲದ ಸಿಂಪಡಣೆಯನ್ನೂ ತಾಳಿಕೊಳ್ಳಲಾರದು. ಇದರ ಜೊತೆಗೆ ನುಸಿಯು ರೆಕ್ಕೆ ಮುರುಟಿಸುವ ವೈರಸ್ಸನ್ನು ನೊಣದಿಂದ ನೊಣಕ್ಕೆ ಸಾಗಿಸುತ್ತದೆ. ಬಾಗಿಲ ಮುಂದೆ ತೆವಳುವ ನೊಣಗಳು ಈ ವೈರಸ್ಸಿಗೆ ತುತ್ತಾದವು.

ನುಸಿಯ ಸಂತಾನವೆಲ್ಲ ಬೆಳೆಯುವುದು, ನೊಣದ ಮರಿ ಬೆಳೆಯುವ, ಮೇಣದ ಮುಚ್ಚಳ ಬಿದ್ದ ಕೋಶದೊಳಗೆ. ಮುಚ್ಚಳ ಬೀಳುವುದಕ್ಕೆ ತುಸು ಮೊದಲು ತಾಯಿ ನುಸಿ ಕೋಶವನ್ನು ಹೊಕ್ಕು, ಮರಿಹುಳುವಿಗಾಗಿ ಇಟ್ಟ ಆಹಾರದಲ್ಲಿ ಅಡಗಿ ಕೂರುತ್ತದೆ. ಮುಚ್ಚಳ ಬಿದ್ದ ಸುಮಾರು ಮೂರು ದಿನಕ್ಕೆ ಮೊದಲ ಮೊಟ್ಟೆಯಿಡುತ್ತದೆ, ಅದು ಗಂಡಾಗುತ್ತದೆ. ಆಮೇಲೆ ಸುಮಾರು 30 ಗಂಟೆಗೊಂದರಂತೆ ಇಡುವ ಮೊಟ್ಟೆಗಳೆಲ್ಲ ಹೆಣ್ಣು. ಅಣ್ಣ ತಂಗಿಯರು ಆ ಕತ್ತಲ ಕೋಶದಲ್ಲಿಯೇ ಕೂಡುತ್ತವೆ, ಮತ್ತು ನೊಣ ಹೊರಬರುವಾಗ ಬಲಿತ ಹೆಣ್ಣು ನುಸಿಗಳು ಮಾತ್ರ ಅದರ ಮೈಮೇಲೆ ಕೂತು ಹೊರಬರುತ್ತವೆ. ಕೆಲಸಗಾರ ನೊಣದ ಕೋಶ 12 ದಿನ ಮುಚ್ಚಿರುತ್ತದೆ, ಗಂಡು ನೊಣದ ಕೋಶ ಇನ್ನೂ ಎರಡು ಮೂರು ದಿನ ಹೆಚ್ಚು. ಈ ಹೆಚ್ಚಿನ ದಿನಗಳಲ್ಲಿ ಇನ್ನಷ್ಟು ಮರಿನುಸಿಗಳು ಬಲಿಯುವುದರಿಂದ ನುಸಿಗೆ ಗಂಡು ಕೋಶವೆಂದರೆ ಬಲು ಪ್ರೀತಿ. ಎರಿಯ, ಅಂದರೆ ಮೇಣದ ಹುಟ್ಟಿನ, ಅಂಚಿನಲ್ಲಿ ಉಬ್ಬಿಕೊಂಡಿರುವ ಗಂಡು ಕೋಶಗಳ ಮುಚ್ಚಳವನ್ನು ಮುಳ್ಳುಚಮಚದಿಂದ ಮೇಲೆತ್ತಿ ನೋಡಿದರೆ, ಬೆಳ್ಳಗಿನ ಕೋಶಾವಸ್ಥೆಯ ನೊಣದ ಮೇಲೆ ಕೆಂಗಂದು ನುಸಿಗಳು ಎದ್ದು ಕಾಣುತ್ತವೆ. ಕೋಶದ ಗೋಡೆಗೆ ಅಂಟಿದ ಸುಣ್ಣದಂಥ ಬಿಳಿ ಚುಕ್ಕೆಗಳನ್ನೂ ಗಮನಿಸಬೇಕು. ಅವು ನುಸಿಯ ಹಿಕ್ಕೆ. ಬೇರೆ ಯಾವ ಸಲಕರಣೆಯೂ ಬೇಡದ ಈ ಪರೀಕ್ಷೆಯನ್ನು ಪ್ರತಿ ಸಾಕಣೆದಾರರೂ ಕಲಿಯಲೇಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ವರೋವಾ ಮೂಲತಃ ಏಷ್ಯಾದ್ದು. ನಮ್ಮ ತುಡುವೆ ಜೇನು ಅದರೊಡನೆ ಬಹುಕಾಲದಿಂದ ಬಾಳಿ ಬಂದಿದೆ. ತುಡುವೆಯಲ್ಲಿ ನುಸಿ ಗಂಡು ಕೋಶಗಳಲ್ಲಿ ಮಾತ್ರ ಸಂತಾನ ಬೆಳೆಸಬಲ್ಲದು. ಕೆಲಸಗಾರ ಕೋಶ ಹೊಕ್ಕರೆ ನೊಣಗಳು ಅದನ್ನು ಪತ್ತೆ ಹಚ್ಚಿ, ಮರಿಸಮೇತ ಕಿತ್ತೆಸೆಯುತ್ತವೆ. ವಿಪರೀತ ನುಸಿ ತಗುಲಿ ಸತ್ತ ಗಂಡು ಮರಿಯ ಕೋಶವನ್ನು ತೆರೆಯದೆ ಹಾಗೆಯೇ ಬಿಟ್ಟು, ಒಳಗಿನ ನುಸಿಗಳನ್ನೂ ಅಲ್ಲಿಯೇ ಸಮಾಧಿ ಮಾಡುತ್ತವೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಯುರೋಪಿನ ಮೆಲ್ಲಿಫೆರಾ ಜೇನನ್ನು ಏಷ್ಯಾದ ಜೇನಿನ ನೆರೆಯಲ್ಲಿ ಸಾಕತೊಡಗಿದಾಗ ನುಸಿ ಅದಕ್ಕೆ ದಾಟಿಕೊಂಡಿತು. ಮೆಲ್ಲಿಫೆರಾಕ್ಕೆ ಈ ಶತ್ರುವಿನ ಅನುಭವವಿರಲಿಲ್ಲವಾದ್ದರಿಂದ ಅದರ ಕೆಲಸಗಾರ ಕೋಶಗಳಲ್ಲಿಯೂ ನುಸಿ ಬೆಳೆಯಿತು, ಮುಂದಿನ ದಶಕಗಳಲ್ಲಿ ಬಹುತೇಕ ಜಗತ್ತನ್ನೆಲ್ಲ ಆವರಿಸಿತು. ಕೊನೆಯವರೆಗೂ ನುಸಿಮುಕ್ತವಾಗಿ ಉಳಿದಿದ್ದ ದೊಡ್ಡ ಜೇನುನಾಡು ಆಸ್ಟ್ರೇಲಿಯಾದಲ್ಲಿಯೂ 2022ರಲ್ಲಿ ನ್ಯೂಕ್ಯಾಸಲ್ ಬಂದರಿನ ಬಳಿ ಅದು ಸಿಕ್ಕಿತು. ಮರುವರ್ಷ ಅಲ್ಲಿಯ ಸರ್ಕಾರ ನಿರ್ಮೂಲನೆಯ ಯತ್ನವನ್ನು ಕೈಬಿಟ್ಟು ನಿರ್ವಹಣೆಯ ದಾರಿ ಹಿಡಿಯಿತು.

ನಮ್ಮಲ್ಲಿ 1990ರ ದಶಕದ ಆರಂಭದಲ್ಲಿ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಅಪಾರ ಸಂಖ್ಯೆಯಲ್ಲಿ ಬಲಿ ತೆಗೆದುಕೊಂಡ ಮೇಲೆ ಅನೇಕರು ಮೆಲ್ಲಿಫೆರಾದ ಕಡೆ ಹೊರಳಿದರು. ಸೂರ್ಯಕಾಂತಿ, ಗುರೆಳ್ಳು, ಕುಸುಬಿ ಬೆಳೆಯುವ ಬಯಲಿನಲ್ಲಿ ಅದು ಜೇನನ್ನೂ ಚೆನ್ನಾಗಿ ಕೊಡುತ್ತದೆ. ಆದರೆ ಪೆಟ್ಟಿಗೆಯ ಜೊತೆಗೆ ಅದರ ನಿರ್ವಹಣೆಯ ಪಂಚಾಂಗವೂ ಚಳಿ ದೇಶಗಳಿಂದಲೇ ಬಂತು. ತೊಡಕಿನ ಮೂಲ ಇಲ್ಲಿದೆ.

ಜರ್ಮನಿಯಲ್ಲಾಗಲಿ ಕೆನಡಾದಲ್ಲಾಗಲಿ ಚಳಿಗಾಲದಲ್ಲಿ ರಾಣಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ. ಪೆಟ್ಟಿಗೆಯಲ್ಲಿ ಒಂದೂ ಮುಚ್ಚಿದ ಕೋಶವಿಲ್ಲದ ಆ ವಾರಗಳಲ್ಲಿ ನುಸಿಗಳೆಲ್ಲ ನೊಣಗಳ ಮೈಮೇಲೆಯೇ ಇರಬೇಕಾಗುತ್ತದೆ. ಸಕ್ಕರೆ ಪಾಕದಲ್ಲಿ ಕರಗಿಸಿದ ಆಕ್ಸಾಲಿಕ್ ಆಮ್ಲವನ್ನು ಆಗ ಒಮ್ಮೆ ಹನಿಸಿದರೆ ಬಹುಪಾಲು ನುಸಿ ಸಾಯುತ್ತದೆ. ಆಕ್ಸಾಲಿಕ್ ಆಮ್ಲ ಮೇಣದ ಮುಚ್ಚಳವನ್ನು ದಾಟಲಾರದು. ಆದ್ದರಿಂದಲೇ ಅಲ್ಲಿಯವರು ಡಿಸೆಂಬರ್ ತಿಂಗಳನ್ನು ಕಾಯುತ್ತಾರೆ. ಧಾರವಾಡದಲ್ಲಿ ಡಿಸೆಂಬರ್ ಎಂದರೆ ಹಿಂಗಾರಿ ಬೆಳೆಗಳು ಹೊಲದಲ್ಲಿರುವ, ರಾಣಿ ಎಡೆಬಿಡದೆ ಮೊಟ್ಟೆಯಿಡುವ ಕಾಲ. ಎರಿಗಳ ತುಂಬ ಮುಚ್ಚಿದ ಮರಿಗಳಿರುವಾಗ ಅದೇ ಔಷಧ ಹಾಕಿದರೆ, ಮುಕ್ಕಾಲು ಪಾಲು ನುಸಿ ಮುಚ್ಚಳದಡಿ ಕ್ಷೇಮವಾಗಿ ಉಳಿಯುತ್ತದೆ. ನಮ್ಮಲ್ಲಿ ಮರಿ ಬೆಳೆಯುವುದು ವರ್ಷವಿಡೀ ನಡೆಯುವುದರಿಂದ ನುಸಿಯ ಬೆಳವಣಿಗೆಯೂ ತಡೆಯಿಲ್ಲದೆ ಸಾಗುತ್ತದೆ. ಅನುಕೂಲದ ದಿನಗಳಲ್ಲಿ ಅದರ ಸಂಖ್ಯೆ ಸುಮಾರು ತಿಂಗಳಿಗೊಮ್ಮೆ ಇಮ್ಮಡಿಸುತ್ತದೆ.

ಪ್ರಕೃತಿ ಕೊಡದ ಬಿಡುವನ್ನು ಸಾಕಣೆದಾರನೇ ಕಲ್ಪಿಸಬೇಕು. ಬಿಸಿ ಹವೆಯ ಇಟಲಿಯಲ್ಲಿ ಈ ಪದ್ಧತಿ ಚೆನ್ನಾಗಿ ಬೇರೂರಿದೆ. ಕೆಲಸಗಾರ ನೊಣಗಳು ಒಳಹೊರಗೆ ಓಡಾಡಿ ರಾಣಿಗೆ ಉಣಿಸಬಹುದಾದಷ್ಟು, ಆದರೆ ರಾಣಿ ಹೊರಬರಲಾಗದಷ್ಟು ಸಂದಿಯಿರುವ ಪಂಜರದಲ್ಲಿ ರಾಣಿಯನ್ನು ಇರಿಸಿ, ಅದನ್ನು ಎರಿಗಳ ನಡುವೆ ಸಿಕ್ಕಿಸುತ್ತಾರೆ. ಕೆಲಸಗಾರ ನೊಣ ಮೊಟ್ಟೆಯಿಂದ ಹೊರಬರಲು 21 ದಿನ, ಗಂಡು ನೊಣಕ್ಕೆ 24 ದಿನ ಬೇಕು. ಆದ್ದರಿಂದ 24 ದಿನ ಕಳೆದರೆ ಮುಚ್ಚಿದ ಕೋಶವೇ ಉಳಿದಿರುವುದಿಲ್ಲ. ಆಗ ರಾಣಿಯನ್ನು ಬಿಟ್ಟು, ಹೊಸ ಮರಿಗಳಿಗೆ ಮುಚ್ಚಳ ಬೀಳುವ ಮೊದಲೇ, ಅಂದರೆ ಮುಂದಿನ ಒಂದು ವಾರದೊಳಗೆ ಆಕ್ಸಾಲಿಕ್ ಆಮ್ಲ ಹನಿಸಬೇಕು. ಸಕ್ಕರೆ, ನೀರು ಸಮಪ್ರಮಾಣದಲ್ಲಿರುವ ಒಂದು ಲೀಟರ್ ಪಾಕಕ್ಕೆ 35 ಗ್ರಾಂ ಆಮ್ಲ, ನೊಣ ತುಂಬಿದ ಪ್ರತಿ ಎರಿಸಂದಿಗೆ 5 ಮಿಲಿಲೀಟರ್, ಒಂದು ಕುಟುಂಬಕ್ಕೆ 50 ಮಿಲಿಲೀಟರ್ ಮೀರದಂತೆ ಹನಿಸುವುದು ಹೊರದೇಶಗಳಲ್ಲಿ ಬಳಕೆಯಲ್ಲಿರುವ ಪ್ರಮಾಣ. ಕೈಗವಸು, ಕಣ್ಣಿಗೆ ರಕ್ಷಣೆ ಕಡ್ಡಾಯ. ಜೇನು ತೆಗೆಯುವ ಮೇಲಿನ ಪೆಟ್ಟಿಗೆ, ಅಂದರೆ ಜೇನುಕೋಣೆ, ಇಟ್ಟಿರುವಾಗ ಆಮ್ಲ ಹಾಕಬಾರದು. ಮೊದಲ ಸಲ ಮಾಡುವವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು.

ಈ ಬಿಡುವಿಗೆ ನಮ್ಮ ಭಾಗದಲ್ಲಿ ಯಾವ ಕಾಲ ಸರಿ? ಮೃಗಶಿರಾ ಮಳೆಯಲ್ಲಿ ರಾಣಿಯನ್ನು ಪಂಜರಕ್ಕೆ ಹಾಕಿ ಪುನರ್ವಸು ಮಳೆಯಲ್ಲಿ ಬಿಡುವುದೇ ಸರಿ ಎಂಬುದು ನನ್ನ ವಾದ. ಜೂನ್ ನಡುವಿನ ಹೊತ್ತಿಗೆ ಬೇವು, ಹೊಂಗೆಯ ಹೂವು ಮುಗಿದಿರುತ್ತದೆ. ಮಳೆ ಹಿಡಿದರೆ ನೊಣಗಳು ಹೊರಗೆ ಹೋಗುವುದೂ ಕಡಿಮೆ. ಜೇನು ಬರದ ಆ ದಿನಗಳಲ್ಲಿ ಮೊಟ್ಟೆ ನಿಂತರೆ ನಷ್ಟ ಅತಿ ಕಡಿಮೆ. ಜುಲೈ ಎರಡನೆಯ ವಾರ ರಾಣಿ ಹೊರಬಂದರೆ ಆಗಸ್ಟ್ ಮೊದಲ ವಾರದಲ್ಲಿ ಹೊಸ ನೊಣಗಳು ಹುಟ್ಟುತ್ತವೆ. ಅಷ್ಟರಲ್ಲಿ ಹಾವೇರಿ ಜಿಲ್ಲೆಯ ಗೋವಿನಜೋಳ ತೆನೆಯೊಡೆದು, ಮರಿಗಳಿಗೆ ಬೇಕಾದ ಪರಾಗ ಧಾರಾಳವಾಗಿ ಸಿಗುತ್ತದೆ. ನೊಣ ಹುಟ್ಟಿದ ಸುಮಾರು ಮೂರು ವಾರಕ್ಕೆ ಹೂವಿಗೆ ಹೋಗಲು ತೊಡಗುವುದರಿಂದ, ಮುಂಗಾರಿ ಸೂರ್ಯಕಾಂತಿ ಮತ್ತು ಗುರೆಳ್ಳು ಅರಳುವ ಹೊತ್ತಿಗೆ ನುಸಿಯ ಹೊರೆಯಿಲ್ಲದ ಹೊಸ ಪಡೆ ಸಿದ್ಧವಾಗಿರುತ್ತದೆ. ಬಲಹೀನ ಕುಟುಂಬಕ್ಕೆ ಮಾತ್ರ ಇದು ಹೊಂದದು. 24 ದಿನ ಹೊಸ ನೊಣ ಹುಟ್ಟದಿದ್ದರೆ ಅದು ಚೇತರಿಸಿಕೊಳ್ಳುವುದಿಲ್ಲ. ಅಂಥ ಎರಡನ್ನು ಮೊದಲೇ ಒಂದುಗೂಡಿಸಬೇಕು.

ಬೇಸಿಗೆಯಲ್ಲಿ ಔಷಧ ಹಾಕುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಫಾರ್ಮಿಕ್ ಆಮ್ಲದ ಆವಿ ಮುಚ್ಚಳದೊಳಕ್ಕೂ ಇಳಿದು ನುಸಿಯನ್ನು ಕೊಲ್ಲುತ್ತದೆ, ಅದು ಅದರ ಹೆಚ್ಚುಗಾರಿಕೆ. ಆದರೆ ಹೊರಗಿನ ಉಷ್ಣಾಂಶ 30 ಡಿಗ್ರಿ ಮೀರಿದರೆ ಆವಿ ಒಮ್ಮೆಲೇ ಎದ್ದು ಮರಿಗಳೂ ಕೆಲವೊಮ್ಮೆ ರಾಣಿಯೂ ಸಾಯುತ್ತವೆ. ಓಮದ ಸತ್ವವಾದ ಥೈಮಾಲ್ ತುಸು ಹೆಚ್ಚು ಬಿಸಿಲು ತಾಳುತ್ತದೆ, ಆದರೆ ಗದಗಿನ ಏಪ್ರಿಲ್-ಮೇ ಬಿಸಿಲಿನಲ್ಲಿ ಅದೂ ನೊಣಗಳನ್ನು ಪೆಟ್ಟಿಗೆಯಿಂದ ಹೊರಗಟ್ಟಬಹುದು. ದನಗಳ ಉಣ್ಣಿಗೆ ಬಳಸುವ ಅಮಿಟ್ರಾಜ್ ದ್ರಾವಣ ಮನೆಯಲ್ಲಿದೆಯೆಂದು ಅಂದಾಜಿನ ಮೇಲೆ ಪೆಟ್ಟಿಗೆಗೆ ಸುರಿಯುವುದು ತೀರ ತಪ್ಪು. ಅದರ ಶೇಷ ಜೇನಿನಲ್ಲಿ ಉಳಿಯುತ್ತದೆ, ಮತ್ತು ಒಂದೇ ರಾಸಾಯನಿಕವನ್ನು ಪದೇ ಪದೇ ಬಳಸಿದರೆ ನುಸಿ ಅದಕ್ಕೆ ಬಗ್ಗದಂತಾಗುತ್ತದೆ. ಯುರೋಪ್ ಮತ್ತು ಅಮೆರಿಕಗಳಲ್ಲಿ ನುಸಿನಾಶಕವಾದ ಫ್ಲುವಾಲಿನೇಟ್ ಪಟ್ಟಿಗಳು 1990ರ ದಶಕದಲ್ಲಿಯೇ ಹೀಗೆ ಶಕ್ತಿ ಕಳೆದುಕೊಂಡವು.

ಇಷ್ಟಕ್ಕೂ ಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ಎಣಿಕೆಯೇ ಹೇಳಬೇಕು. ರಾಣಿ ಇಲ್ಲವೆಂದು ಖಚಿತಪಡಿಸಿಕೊಂಡ ಮರಿ ಎರಿಯಿಂದ ಅರ್ಧ ಕಪ್ ನೊಣಗಳನ್ನು, ಅಂದರೆ ಸುಮಾರು 300 ನೊಣಗಳನ್ನು, ಜಾಳಿಗೆಯ ಮುಚ್ಚಳವಿರುವ ಗಾಜಿನ ಭರಣಿಗೆ ಝಾಡಿಸಿಕೊಳ್ಳಬೇಕು. ಎರಡು ಚಮಚ ನುಣ್ಣಗಿನ ಸಕ್ಕರೆ ಪುಡಿ ಹಾಕಿ, ಭರಣಿಯನ್ನು ಮೆಲ್ಲಗೆ ಉರುಳಿಸಿ, ಎರಡು ಮೂರು ನಿಮಿಷ ನೆರಳಲ್ಲಿಡಬೇಕು. ಆಮೇಲೆ ಭರಣಿಯನ್ನು ತಲೆಕೆಳಗಾಗಿ ಹಿಡಿದು ನೀರು ಹಾಕಿದ ಬಿಳಿ ತಟ್ಟೆಯ ಮೇಲೆ ಝಾಡಿಸಿದರೆ ಸಕ್ಕರೆ ಕರಗಿ, ಹಿಡಿತ ತಪ್ಪಿ ಉದುರಿದ ನುಸಿಗಳು ತಟ್ಟೆಯಲ್ಲಿ ಉಳಿಯುತ್ತವೆ. ನೊಣಗಳು ಬಿಳಿ ಧೂಳು ಮೆತ್ತಿಕೊಂಡರೂ ಜೀವಂತವಾಗಿ ಪೆಟ್ಟಿಗೆಗೆ ಮರಳುತ್ತವೆ. ತಟ್ಟೆಯಲ್ಲಿ ಒಂಬತ್ತು ನುಸಿ ಸಿಕ್ಕರೆ ನೂರಕ್ಕೆ ಮೂರು ಎಂದಾಯಿತು, ಅಲ್ಲಿಂದಾಚೆಗೆ ತಡಮಾಡಬಾರದು.

ನಮ್ಮಲ್ಲಿ ಇನ್ನೊಂದು ನುಸಿಯೂ ಇದೆ, ಟ್ರೋಪಿಲೇಲಾಪ್ಸ್. ಅದರ ಮೂಲ ಆಸರೆ, ಆಲದ ಮರಗಳಲ್ಲಿಯೂ ನೀರಿನ ಟ್ಯಾಂಕುಗಳಲ್ಲಿಯೂ ತೊಟ್ಟಿಲಿನಂತೆ ತೂಗುವ ಹೆಜ್ಜೇನು. ವರೋವಾಗಿಂತ ಕಿರಿದಾದ, ಉದ್ದನೆಯ ಮೈಯ ಈ ನುಸಿ ಎರಿಯ ಮೇಲೆ ಚುರುಕಾಗಿ ಓಡುತ್ತದೆ, ವರೋವಾಗಿಂತ ಬೇಗ ಹೆಚ್ಚುತ್ತದೆ. ಆದರೆ ಬಲಿತ ನೊಣವನ್ನು ಚುಚ್ಚಿ ತಿನ್ನಲಾರದ್ದರಿಂದ ಮರಿಯಿಲ್ಲದೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ವರೋವಾಗೆಂದು ಮಾಡಿದ ರಾಣಿಯ ಬಿಡುವು ಇದನ್ನು ಯಾವ ಔಷಧವೂ ಇಲ್ಲದೆ ಮುಗಿಸಿಬಿಡುತ್ತದೆ. ಹೆಜ್ಜೇನಿನ ವಲಸೆಯ ದಾರಿಯಲ್ಲಿರುವ ನಮಗೆ ಇದು ಸಣ್ಣ ಲಾಭವಲ್ಲ.

ನುಸಿ ಕಡಿಮೆಯಾದ ಮಾತ್ರಕ್ಕೆ ಕುಟುಂಬ ಗಟ್ಟಿಯಾಗುವುದಿಲ್ಲ. ಮರಿಗಳ ನೆಲೆಯನ್ನು 34-35 ಡಿಗ್ರಿಯಲ್ಲಿಡಲು ನೊಣಗಳು ಬೇಸಿಗೆಯಲ್ಲಿ ನೀರು ಹೊತ್ತು ತಂದು ಎರಿಯ ಮೇಲೆ ಸವರಿ, ರೆಕ್ಕೆ ಬೀಸಿ ಆರಿಸುತ್ತವೆ. ನೀರು ದೂರವಿದ್ದರೆ ಮಕರಂದ ತರಬೇಕಾದ ನೊಣಗಳ ದಿನ ನೀರಿನ ದುಡಿಮೆಯಲ್ಲಿಯೇ ಕಳೆದುಹೋಗುತ್ತದೆ. ಆದ್ದರಿಂದ ಮುಂಡರಗಿ, ರೋಣದ ಕಡೆ ಪೆಟ್ಟಿಗೆ ಇಡುವವರಿಗೆ ಬೇವಿನ ನೆರಳು ಮತ್ತು ಕಡ್ಡಿ, ಕಲ್ಲು ಹಾಕಿದ ನೀರಿನ ಬಾನಿ ಔಷಧಕ್ಕಿಂತ ಮೊದಲು ಬೇಕು. ಕಲಘಟಗಿ, ಅಳ್ನಾವರದ ಅರೆಮಲೆನಾಡಿನಲ್ಲಿ ತೊಂದರೆ ತಿರುಗುಮುರುಗು: ಅಲ್ಲಿ ಮಳೆಯ ತೇವಕ್ಕೆ ಪೆಟ್ಟಿಗೆಯ ಮುಚ್ಚಳದಡಿ ಬೂಷ್ಟು ಹಿಡಿಯುತ್ತದೆ, ನೊಣಗಳು ಕಾಯಲಾಗದ ಖಾಲಿ ಎರಿಗಳಿಗೆ ಮೇಣದ ಪತಂಗ ಬೀಳುತ್ತದೆ. ನೊಣ ಮುಚ್ಚುವಷ್ಟು ಎರಿಗಳನ್ನು ಮಾತ್ರ ಒಳಗಿಟ್ಟು ಪೆಟ್ಟಿಗೆಯನ್ನು ಮುಂದಕ್ಕೆ ತುಸು ಬಾಗಿಸಿಡಬೇಕು.

ಚಿಕಿತ್ಸೆ ಮಾಡಿದ ಮೇಲೂ ಸೆಪ್ಟೆಂಬರಿನಲ್ಲಿ ಮತ್ತೆ ಎಣಿಸಬೇಕು. ನುಸಿಯಿಂದ ಸೋತ ಕುಟುಂಬದ ಜೇನನ್ನು ಸುತ್ತಲಿನ ಬಲಿಷ್ಠ ಕುಟುಂಬಗಳು ದೋಚುವಾಗ ಅಲ್ಲಿಯ ನುಸಿಗಳನ್ನೂ ಮನೆಗೆ ಹೊತ್ತು ತರುತ್ತವೆ. ದಾರಿ ತಪ್ಪಿದ ನೊಣಗಳೂ ಹಾಗೆಯೇ ಹರಡುತ್ತವೆ. ಒಬ್ಬರು ಮಾತ್ರ ಚಿಕಿತ್ಸೆ ಮಾಡಿ ನೆರೆಯವರು ಸುಮ್ಮನಿದ್ದರೆ ಎರಡೇ ತಿಂಗಳಲ್ಲಿ ಲೆಕ್ಕ ಮೊದಲಿನಂತಾಗಬಹುದು. ಒಂದು ಊರಿನ ಸಾಕಣೆದಾರರೆಲ್ಲ ರಾಣಿಯನ್ನು ಅದೇ ವಾರದಲ್ಲಿ ಪಂಜರಕ್ಕೆ ಹಾಕಲು ಮಾತಾಡಿಕೊಳ್ಳಬೇಕು. ಸೂರ್ಯಕಾಂತಿಗೆಂದು ಹೊರಗಿನಿಂದ ಪೆಟ್ಟಿಗೆ ತಂದು ಇಳಿಸುವವರಿದ್ದರೆ, ಮರುದಿನವೇ ಅವುಗಳಲ್ಲಿ ನಾಲ್ಕೈದನ್ನು ಸಕ್ಕರೆ ಪುಡಿಯಿಂದ ಪರೀಕ್ಷಿಸಿ ತೋರಿಸುವಂತೆ ಕೇಳಲು ಯಾರೂ ಸಂಕೋಚಪಡಬಾರದು.