ತೀರ್ಪೇ ಇಲ್ಲದ ಖುಲಾಸೆ: ಮಂಗಳೂರಿನ ಒಂದು ಕೇಸು ಏಳು ನ್ಯಾಯಮೂರ್ತಿಗಳ ಮುಂದೆ ಹೋದ ಕಥೆ

1999ರ ಫೆಬ್ರವರಿ 23ರಂದು ವಿಶೇಷ ನ್ಯಾಯಾಲಯವೊಂದು ಮಂಗಳೂರು ಮಹಾನಗರ ಪಾಲಿಕೆಯ ನೌಕರರೊಬ್ಬರನ್ನು ಖುಲಾಸೆ ಮಾಡಿತು. ಆದಾಯ ಮೀರಿದ ಆಸ್ತಿಯ ಕೇಸು. ದೋಷಾರೋಪ ಪಟ್ಟಿ ಸಲ್ಲಿಕೆಯಾದದ್ದು 1994ರ ಮಾರ್ಚ್‌ನಲ್ಲಿ, ಕೋರ್ಟು ಆರೋಪ ಹೊರಿಸಿದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಅಲ್ಲಿಂದ ನಾಲ್ಕೂವರೆ ವರ್ಷ ವಿಚಾರಣೆ ಶುರುವೇ ಆಗಲಿಲ್ಲ. ಅವರು ತಪ್ಪಿತಸ್ಥರೋ ಅಲ್ಲವೋ ಎಂಬುದನ್ನು ಕೋರ್ಟು ನೋಡಲೇ ಇಲ್ಲ; ಎರಡು ವರ್ಷದ ಗಡುವು ದಾಟಿದೆ ಎಂದಿತು, ಬಿಟ್ಟಿತು.

ಈ ಗಡುವಿನ ಬೇರು ಬಿಹಾರದ ಜೈಲುಗಳಲ್ಲಿದೆ. ತಮ್ಮ ಮೇಲಿನ ಆರೋಪಕ್ಕೆ ಸಿಗಬಹುದಾದ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣಾಧೀನರಾಗಿ ಕೊಳೆಯುತ್ತಿದ್ದವರು ಅಲ್ಲಿದ್ದರು. 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತ್ವರಿತ ವಿಚಾರಣೆಯೂ ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಯೊಳಗಿನ ಹಕ್ಕೇ ಎಂದಿತು. ಆದರೆ ತ್ವರಿತ ಎಂದರೆ ಎಷ್ಟು ವರ್ಷ? 1991ರ ಡಿಸೆಂಬರ್‌ನಲ್ಲಿ ತೀರ್ಮಾನವಾದ ಅಂತುಲೆ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಲೆಕ್ಕ ಹಾಕಲು ಒಪ್ಪಲಿಲ್ಲ. 1996 ಮತ್ತು 1998ರಲ್ಲಿ ಅದಕ್ಕಿಂತ ಚಿಕ್ಕ ಪೀಠಗಳು ಲೆಕ್ಕ ಹಾಕಿಯೇಬಿಟ್ಟವು. ಮಂಗಳೂರಿನ ಖುಲಾಸೆ ಆ ಲೆಕ್ಕದ ಫಲ.

ಸರ್ಕಾರ ಹೈಕೋರ್ಟಿಗೆ ಹೋಯಿತು. ಹೈಕೋರ್ಟ್ ಆರೋಪಿಗೆ ನೋಟಿಸನ್ನೂ ಕೊಡದೆ ಖುಲಾಸೆಯನ್ನು ರದ್ದು ಮಾಡಿತು! ಹೀಗೆ ದೆಹಲಿ ಸೇರಿದ ಕೇಸಿನ ಮೇಲೆ 2002ರ ಏಪ್ರಿಲ್ 16ರಂದು ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಇಷ್ಟು ವರ್ಷ ಕಳೆದರೆ ಕೇಸು ಮುಗಿಯಿತು ಎಂದು ಕೋರ್ಟುಗಳು ಗೆರೆ ಎಳೆಯುವಂತಿಲ್ಲ, ಅದು ಶಾಸನ ಮಾಡುವವರ ಕೆಲಸ, ವಿಳಂಬ ಅತಿಯಾಯಿತೇ ಎಂಬುದನ್ನು ಆಯಾ ಕೇಸಿನಲ್ಲೇ ತೂಗಬೇಕು. ಪಾಲಿಕೆ ನೌಕರರ ಮೇಲಿನ ಮೇಲ್ಮನವಿ, ಈ ಬಾರಿ ಅವರ ಮಾತನ್ನೂ ಕೇಳಿ ತೀರ್ಮಾನಿಸಲು, ಹೈಕೋರ್ಟಿಗೆ ಮರಳಿತು. ಕಾನೂನಿನ ದೃಷ್ಟಿಯಿಂದ ಇದು ಸರಿಯೆಂದೇ ನನಗನಿಸುತ್ತದೆ. ಎಂಟು ವರ್ಷ ಆರೋಪಿ ಎನಿಸಿಕೊಂಡೇ ಇದ್ದವರಿಗೆ ಹೇಗನಿಸಿತೋ!

ತೀರ್ಪಿಲ್ಲದೆ ಕೇಸು ನಿಲ್ಲುವ ದಾರಿಗಳು ಬೇರೆಯೂ ಇವೆ. ಜ್ಯೂರಿಯಲ್ಲಿ, ಅಂದರೆ ತಪ್ಪಿತಸ್ಥರೋ ಅಲ್ಲವೋ ಎಂದು ಹೇಳಲು ಕೂರಿಸಿದ ಸಾಮಾನ್ಯ ಜನರ ತಂಡದಲ್ಲಿ, ಒಮ್ಮತವಾಗದೆ ವಿಚಾರಣೆ ಮುರಿದುಬೀಳುವುದನ್ನು ನಾವು ಇಂಗ್ಲಿಷ್ ಸಿನಿಮಾಗಳಲ್ಲಷ್ಟೇ ನೋಡಬೇಕು. ಅಮೆರಿಕದಲ್ಲಿ ಹಾಗಾದರೆ ಮತ್ತೆ ವಿಚಾರಣೆ ನಡೆಸಬಹುದೆಂದು 1824ರಲ್ಲೇ ತೀರ್ಮಾನವಾಗಿದೆ. ನಮ್ಮಲ್ಲಿ 1974ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ನಮ್ಮ ಕೇಸುಗಳು ಬೇರೆ ದಾರಿಯಲ್ಲಿ ನಿಲ್ಲುತ್ತವೆ. ಆರೋಪಿ ಸತ್ತರೆ ಅಲ್ಲಿಗೇ ಮುಗಿಯಿತು. ಸರ್ಕಾರಿ ವಕೀಲರು ಕೋರ್ಟಿನ ಒಪ್ಪಿಗೆ ಪಡೆದು ಕೇಸು ಹಿಂಪಡೆದರೆ, ಆರೋಪ ಹೊರಿಸುವ ಮುಂಚೆಯಾದರೆ ಅದು ಡಿಸ್ಚಾರ್ಜ್, ಆಮೇಲಾದರೆ ಖುಲಾಸೆ. ಎರಡೂ ಒಂದೇ ಅಲ್ಲ. ಮೇಲ್ಮನವಿಯಲ್ಲಿ ಖುಲಾಸೆ ರದ್ದಾಗದಿದ್ದರೆ, ಖುಲಾಸೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ಕಟಕಟೆಗೆ ತರುವಂತಿಲ್ಲ. ಡಿಸ್ಚಾರ್ಜ್ ಆದವರಿಗೆ ಆ ರಕ್ಷಣೆ ಇಲ್ಲ.

ಇನ್ನೊಂದು ಬಗೆ ಕರಾವಳಿಯ ಪತ್ರಿಕೆ ಓದುವವರಿಗೆಲ್ಲ ಗೊತ್ತು: ‘ಎಲ್‌ಪಿಸಿ ವಾರಂಟ್ ಆರೋಪಿ ಸೆರೆ’. ತಲೆಮರೆಸಿಕೊಂಡವರ ಕೇಸನ್ನು ದೀರ್ಘಕಾಲ ಬಾಕಿ ಇರುವ ಪ್ರಕರಣಗಳ (ಎಲ್‌ಪಿಸಿ) ಪಟ್ಟಿಗೆ ಸೇರಿಸಿಡುತ್ತಾರೆ, ಮುಗಿಸುವುದಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಡಿ, ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಆರೋಪ ಹೊತ್ತು ಓಡಿಹೋದ ಘೋಷಿತ ಅಪರಾಧಿಯ ಗೈರಿನಲ್ಲೂ ವಿಚಾರಣೆ ನಡೆಸಿ ತೀರ್ಪು ಕೊಡಬಹುದು. ಅದಕ್ಕಿಂತ ಸಣ್ಣ ಕೇಸಿನ ಫೈಲು ಮಾತ್ರ, ಪೊಲೀಸರು ವಾರಂಟ್ ಹಿಡಿದು ಆಸಾಮಿಯ ಮನೆ ಬಾಗಿಲು ತಟ್ಟುವವರೆಗೆ ಕಾಯಬೇಕು.